ಅಮೂರ್ತ ಕಾರ್ಖಾನೆ: ಒಂದು ವಿನ್ಯಾಸ, ಹಲವು ಭಾಷೆಗಳು

(ಕೂಟದ ಉಪನ್ಯಾಸ ಮಾಲಿಕೆಯಲ್ಲಿ ಆಹ್ವಾನಿತ ಅತಿಥಿಗಳು ನೀಡಿದ ಭಾಷಣದ ಪಠ್ಯ)



ಕನ್ನಡ ಕೂಟದ ವೇದಿಕೆಯ ಮೇಲೆ ಸಾಹಿತ್ಯ, ಸಂಗೀತ, ಇತಿಹಾಸಗಳ ಮಾತು ಸಹಜವಾದುದು. ಗಣಕ ತಂತ್ರಾಂಶದ ಒಂದು ವಿಷಯವನ್ನು ಕುರಿತು, ಅದೂ ಕನ್ನಡದಲ್ಲಿ ಮಾತನಾಡಬೇಕೆಂದು ತಾವು ಕೇಳಿದಾಗ ನನಗೆ ಸಂತೋಷವೂ ಅಳುಕೂ ಒಟ್ಟಿಗೇ ಉಂಟಾದವು. ಈ ಸಭೆಯಲ್ಲಿ ತಂತ್ರಾಂಶವನ್ನೇ ವೃತ್ತಿಯಾಗಿಸಿಕೊಂಡವರು ಬಹುಮಂದಿ ಇದ್ದೀರಿ; ಅದರ ಗೊಡವೆಗೇ ಹೋಗದ ಹಿರಿಯರೂ ಇದ್ದೀರಿ. ಮೊದಲನೆಯವರಿಗೆ ಬೇಸರವಾಗದಂತೆ, ಎರಡನೆಯವರಿಗೆ ಹೊರೆಯಾಗದಂತೆ ನಡೆಯಲು ಪ್ರಯತ್ನಿಸುತ್ತೇನೆ.

ನಾನು ಆರಿಸಿಕೊಂಡಿರುವ ವಿಷಯ ‘ಅಬ್‌ಸ್ಟ್ರ್ಯಾಕ್ಟ್ ಫ್ಯಾಕ್ಟರಿ’ ಎಂಬ ವಿನ್ಯಾಸ ಮಾದರಿ. ಕನ್ನಡದಲ್ಲಿ ಇದನ್ನು ಅಮೂರ್ತ ಕಾರ್ಖಾನೆ ಎಂದು ಕರೆಯೋಣ. ಒಂದೇ ಆಲೋಚನೆಯನ್ನು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆಯಹೊರಟಾಗ ಅದರ ರೂಪ ಹೇಗೆ ಮಾರ್ಪಡುತ್ತದೆ, ಯಾವುದು ಉಳಿಯುತ್ತದೆ, ಯಾವುದು ಕರಗಿಹೋಗುತ್ತದೆ ಎಂಬುದು ಇಂದಿನ ವಿಚಾರ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಈ ಪ್ರಶ್ನೆ ತೀರ ಅಪರಿಚಿತವೇನಲ್ಲ.

ಮಾದರಿಗಳ ಹಿನ್ನೆಲೆ

‘ವಿನ್ಯಾಸ ಮಾದರಿ’ ಎಂಬ ಕಲ್ಪನೆ ಗಣಕಶಾಸ್ತ್ರಕ್ಕೆ ಬಂದದ್ದು ವಾಸ್ತುಶಿಲ್ಪದಿಂದ. ವಿಯೆನ್ನಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಕ್ರಿಸ್ಟೋಫರ್ ಅಲೆಗ್ಸಾಂಡರ್ ಅವರು ತಮ್ಮ ಸಂಗಡಿಗರೊಡನೆ 1977ರಲ್ಲಿ ‘ಎ ಪ್ಯಾಟರ್ನ್ ಲಾಂಗ್ವೇಜ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಊರು, ಬೀದಿ, ಮನೆ, ಕೋಣೆ, ಕಿಟಕಿಗಳನ್ನು ಕುರಿತ 253 ಮಾದರಿಗಳು ಅದರಲ್ಲಿವೆ. ಪ್ರತಿಯೊಂದು ಮಾದರಿಯೂ ಮತ್ತೆ ಮತ್ತೆ ಎದುರಾಗುವ ಒಂದು ಸಮಸ್ಯೆಯನ್ನು ಹೇಳಿ, ಅದಕ್ಕೆ ಒಪ್ಪುವ ಪರಿಹಾರದ ತಿರುಳನ್ನು ಕೊಡುತ್ತದೆ. ಇದೇ ಅಲೆಗ್ಸಾಂಡರ್ ಅವರು ತಮ್ಮ 1964ರ ಗ್ರಂಥದ ಅನುಬಂಧದಲ್ಲಿ ವಿಸ್ತಾರವಾಗಿ ಪರಿಶೀಲಿಸಿದ ಉದಾಹರಣೆ ಆರುನೂರು ಜನವಸತಿಯ ಒಂದು ಭಾರತೀಯ ಹಳ್ಳಿಯದು ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಅವರು ಗುಜರಾತಿನ ಹಳ್ಳಿಯೊಂದರಲ್ಲಿ ವಾಸವಾಗಿದ್ದು ಆ ಬದುಕನ್ನು ಅಭ್ಯಾಸ ಮಾಡಿದ್ದರು.

1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೀಸ್ ಎಂಬ ನಾಲ್ವರು ತಂತ್ರಾಂಶಕ್ಕಾಗಿ ಇಂಥದೇ ಒಂದು ಗ್ರಂಥವನ್ನು ಹೊರತಂದರು. ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಆ ಪುಸ್ತಕದಲ್ಲಿ 23 ಮಾದರಿಗಳಿವೆ. ಅವುಗಳಲ್ಲಿ ಐದು, ವಸ್ತುಗಳನ್ನು ಸೃಷ್ಟಿಸುವ ಬಗೆಗೆ ಸಂಬಂಧಿಸಿದವು. ಆ ಐದರಲ್ಲಿ ಮೊದಲು ಬರುವುದೇ ಅಮೂರ್ತ ಕಾರ್ಖಾನೆ. ಪುಸ್ತಕದ ಉದಾಹರಣೆಗಳು ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್ ಎಂಬ ಎರಡು ಭಾಷೆಗಳಲ್ಲಿವೆ. ಆ ಎರಡು ಭಾಷೆಗಳ ಮನೋಧರ್ಮ ಎಷ್ಟು ಭಿನ್ನವೆಂಬುದನ್ನು ಮುಂದೆ ನೋಡೋಣ.

ಅಡುಗೆಯವರ ದೃಷ್ಟಾಂತ

ಮದುವೆಮನೆಯೊಂದನ್ನು ಊಹಿಸಿಕೊಳ್ಳಿ. ಯಜಮಾನರು ಅಡುಗೆಯವರನ್ನು ಗೊತ್ತುಮಾಡುತ್ತಾರೆ. ಎಲೆಯ ಮೇಲೆ ಒಂದು ಪಲ್ಯ, ಒಂದು ಚಟ್ನಿ, ಒಂದು ಸಿಹಿ ಇರಬೇಕೆಂಬುದು ಮಾತು. ಉಡುಪಿಯ ಭಟ್ಟರು ಬಂದರೆ ಸುವರ್ಣಗಡ್ಡೆಯ ಪಲ್ಯ, ಕಾಯಿ ಚಟ್ನಿ, ಪಾಯಸ ಬರುತ್ತವೆ. ಧಾರವಾಡದ ಕಡೆಯವರು ಬಂದರೆ ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿ, ಗೋಧಿ ಹುಗ್ಗಿ ಬರುತ್ತವೆ. ಬಡಿಸುವವರು ಒಳಗೆ ಹೋಗಿ “ಪಲ್ಯ ಕೊಡಿ, ಸಿಹಿ ಕೊಡಿ” ಎಂದಷ್ಟೇ ಕೇಳುತ್ತಾರೆ. ಯಾವ ಊರಿನ ಪಲ್ಯವೆಂದು ಅವರು ಕೇಳಬೇಕಾಗಿಲ್ಲ. ಯಾವ ಅಡುಗೆಯವರು ಎಂಬ ನಿರ್ಧಾರವನ್ನು ಯಜಮಾನರು ಒಮ್ಮೆ ಮಾಡಿದರಾಯಿತು. ಅಲ್ಲಿಂದ ಮುಂದೆ ಎಲೆಯ ಮೇಲಿನ ಎಲ್ಲವೂ ಒಂದೇ ಪಾಕಕ್ಕೆ ಸೇರಿದ್ದಾಗಿರುತ್ತದೆ.

ಅಮೂರ್ತ ಕಾರ್ಖಾನೆಯ ಸಾರ ಇಷ್ಟೇ. ‘ಪಲ್ಯ, ಚಟ್ನಿ, ಸಿಹಿ ಮಾಡಬಲ್ಲವರು’ ಎಂಬ ಕರಾರು ಅಮೂರ್ತ ಕಾರ್ಖಾನೆ. ಉಡುಪಿಯವರು, ಧಾರವಾಡದವರು ಮೂರ್ತ ಕಾರ್ಖಾನೆಗಳು. ತಿನಿಸುಗಳು ಉತ್ಪನ್ನಗಳು. ಒಬ್ಬರ ಕೈಯಿಂದ ಬರುವ ತಿನಿಸುಗಳೆಲ್ಲ ಸೇರಿ ಒಂದು ಕುಟುಂಬ. ಈ ಮಾದರಿಯ ಮುಖ್ಯ ಗುರಿ ಕುಟುಂಬದ ಸಾಮರಸ್ಯವನ್ನು ಕಾಪಾಡುವುದು.

ನಾಲ್ವರ ಪುಸ್ತಕದ ಉದಾಹರಣೆ ಗಣಕದ ಪರದೆಗೆ ಸಂಬಂಧಿಸಿದ್ದು. ಆ ಕಾಲದಲ್ಲಿ ಯುನಿಕ್ಸ್ ಯಂತ್ರಗಳಲ್ಲಿ ಮೋಟಿಫ್ ಎಂಬ ಪರದೆಯ ಶೈಲಿಯೂ ಓಎಸ್-2 ವ್ಯವಸ್ಥೆಯಲ್ಲಿ ಪ್ರೆಸೆಂಟೇಶನ್ ಮ್ಯಾನೇಜರ್ ಎಂಬ ಶೈಲಿಯೂ ಇದ್ದವು. ಒಂದೇ ಪ್ರೋಗ್ರಾಂ ಎರಡೂ ಕಡೆ ನಡೆಯಬೇಕಾದರೆ, ಕಿಟಕಿ ಒಂದು ಶೈಲಿಯದಾಗಿ ಪಕ್ಕದ ಜಾರುಪಟ್ಟಿ ಇನ್ನೊಂದು ಶೈಲಿಯದಾಗಬಾರದು. ಆದ್ದರಿಂದ ಕಿಟಕಿಯನ್ನೂ ಜಾರುಪಟ್ಟಿಯನ್ನೂ ಒಬ್ಬನೇ ತಯಾರಕನಿಂದ ಪಡೆಯುವ ಏರ್ಪಾಡನ್ನು ಅವರು ವಿವರಿಸಿದರು.

ಕನ್ನಡದ್ದೇ ಆದ ಒಂದು ಉದಾಹರಣೆ

ಜಾರುಪಟ್ಟಿಯ ಶೈಲಿ ಬೆರೆತರೆ ಕಣ್ಣಿಗೆ ಅಹಿತವಾದೀತು, ಅಷ್ಟೆ. ಕುಟುಂಬ ಬೆರಕೆಯಾದಾಗ ನಿಜವಾದ ನಷ್ಟವೇನೆಂಬುದನ್ನು ಕನ್ನಡಿಗರಾದ ನಾವು ಸ್ವಂತ ಅನುಭವದಿಂದ ಬಲ್ಲೆವು. 1990ರ ದಶಕದಲ್ಲಿ ಗಣಕದಲ್ಲಿ ಕನ್ನಡ ಬರೆದವರಿಗೆ ಇದು ನೆನಪಿರಬೇಕು. ಆಗಿನ ಬಹುತೇಕ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಇತರ ಐರೋಪ್ಯ ಅಕ್ಷರಗಳಿಗೆ ಮೀಸಲಾದ 256 ಸಂಕೇತಗಳ ಜಾಗದಲ್ಲೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಯಾವ ಸ್ಥಾನದಲ್ಲಿ ಯಾವ ತುಂಡು ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಒಬ್ಬರ ತಂತ್ರಾಂಶದಲ್ಲಿ ಬರೆದ ಲೇಖನವನ್ನು ಇನ್ನೊಬ್ಬರ ಫಾಂಟಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಸೂರ್ಯ’ ಎಂಬ ಪದವನ್ನು ನೋಡಿ. ನಾವು ಉಚ್ಚರಿಸುವಾಗ ರಕಾರ ಮೊದಲು, ಯಕಾರ ಆಮೇಲೆ. ಬರೆಯುವಾಗ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫಾಂಟುಗಳ ಪದ್ಧತಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಸಂಕೇತಗಳು ಕಡತಕ್ಕೆ ಸೇರುತ್ತಿದ್ದವು. ಅಂದರೆ ಅರ್ಕಾವತ್ತು ಕೊನೆಯಲ್ಲಿ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ಕೊಟ್ಟ ಯೂನಿಕೋಡ್ ಪದ್ಧತಿಯಲ್ಲಿ ಉಚ್ಚಾರಣೆಯ ಕ್ರಮವೇ ಕಡತದ ಕ್ರಮ. ಅಂದರೆ ರಕಾರ ಮೊದಲು.

ಈಗ ಒಂದು ಪದಸಂಸ್ಕಾರಕವನ್ನು ಕಟ್ಟಬೇಕೆಂದುಕೊಳ್ಳೋಣ. ಅದಕ್ಕೆ ಮೂರು ಅಂಗಗಳು ಬೇಕು: ಕೀಲಿ ಒತ್ತಿದಾಗ ಸಂಕೇತವನ್ನು ಕೊಡುವ ಕೀಲಿಮಣೆಯ ಅಂಗ, ಸಂಕೇತವನ್ನು ಪರದೆಯ ಮೇಲೆ ಮೂಡಿಸುವ ಅಕ್ಷರಾಂಗ, ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಅಂಗ. ಹಳೆಯ ಫಾಂಟಿನ ಕುಟುಂಬಕ್ಕೆ ಈ ಮೂರೂ ಒಂದು ಬಗೆ, ಯೂನಿಕೋಡ್ ಕುಟುಂಬಕ್ಕೆ ಇನ್ನೊಂದು ಬಗೆ. ಹಳೆಯ ಕಡತಕ್ಕೆ ಯೂನಿಕೋಡಿನ ಅಕ್ಷರಾಂಗ ಕೂಡಿಬಂದರೆ ತಪ್ಪು ಕೂಡಲೇ ಕಾಣುತ್ತದೆ. ಆದರೆ ಅಕ್ಷರಾಂಗ ಸರಿಯಾಗಿದ್ದು, ಜೋಡಿಸುವ ಅಂಗ ಮಾತ್ರ ಬೇರೆ ಕುಟುಂಬದ್ದಾದರೆ ಪರದೆಯ ಮೇಲೆ ಎಲ್ಲವೂ ಅಚ್ಚುಕಟ್ಟಾಗಿ ಕಂಡು, ಪದಪಟ್ಟಿಯ ಕ್ರಮ ಮಾತ್ರ ಕೆಟ್ಟಿರುತ್ತದೆ. ಇಂಥ ಮೌನದ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಮೂರೂ ಅಂಗಗಳನ್ನು ಒಂದೇ ಕಾರ್ಖಾನೆಯಿಂದ ಪಡೆಯಬೇಕೆಂಬ ನಿಯಮಕ್ಕೆ ಇಷ್ಟು ಮಹತ್ವವಿರುವುದು ಈ ಕಾರಣದಿಂದ.

ಈ ಕಾರ್ಖಾನೆಯನ್ನು ಹಲವು ಭಾಷೆಗಳಲ್ಲಿ ಹೇಗೆ ಬರೆಯುತ್ತಾರೆಂಬುದನ್ನು ಇನ್ನು ನೋಡೋಣ.

ಭಾಷೆಯಿಂದ ಭಾಷೆಗೆ

ಸಿ ಭಾಷೆಯಲ್ಲಿ ವರ್ಗಗಳೇ ಇಲ್ಲ. ಆದರೂ ಕಾರ್ಖಾನೆ ಸಾಧ್ಯ. ‘ಕೀಲಿಮಣೆ ಮಾಡು’, ‘ಅಕ್ಷರಾಂಗ ಮಾಡು’, ‘ಜೋಡಣೆಗಾರನನ್ನು ಮಾಡು’ ಎಂಬ ಮೂರು ಫಂಕ್ಷನ್ನುಗಳ ವಿಳಾಸಗಳನ್ನು ಒಂದು ಸ್ಟ್ರಕ್ಚರಿನಲ್ಲಿ ತುಂಬಿಟ್ಟರೆ ಅದೇ ಕಾರ್ಖಾನೆ. ಕುಟುಂಬಕ್ಕೊಂದು ಕೋಷ್ಟಕ. ಕೋಷ್ಟಕದ ಒಂದು ಖಾನೆಯನ್ನು ತುಂಬಲು ಮರೆತರೆ ಕಂಪೈಲರ್ ತಡೆಯುವುದಿಲ್ಲ. ಪ್ರೋಗ್ರಾಂ ನಡೆಯುವಾಗ ಕುಸಿಯುತ್ತದೆ. ಶಿಸ್ತಿನ ಹೊಣೆಯೆಲ್ಲ ಬರೆಯುವವನ ಮೇಲೆಯೇ.

ಸಿ ಪ್ಲಸ್ ಪ್ಲಸ್ ಆ ಹೊಣೆಯ ಒಂದು ಭಾಗವನ್ನು ಕಂಪೈಲರಿಗೆ ಒಪ್ಪಿಸಿತು. 1989ರ ಎರಡನೆಯ ಆವೃತ್ತಿಯಲ್ಲಿ ಅಮೂರ್ತ ವರ್ಗಗಳು ಬಂದವು. ಕರಾರಿನಲ್ಲಿರುವ ಮೂರು ಕ್ರಿಯೆಗಳಲ್ಲಿ ಒಂದನ್ನು ಬರೆಯದೆ ಬಿಟ್ಟರೂ ಆ ಕಾರ್ಖಾನೆಯ ವಸ್ತುವನ್ನು ಸೃಷ್ಟಿಸಲು ಕಂಪೈಲರ್ ಒಪ್ಪುವುದಿಲ್ಲ. ಈ ಭಾಷೆಯಲ್ಲಿ ಕಾರ್ಖಾನೆ ಬೇಕಾಗುವ ಮೂಲ ಕಾರಣ, ವಸ್ತುವನ್ನು ಸೃಷ್ಟಿಸುವ ಸ್ಥಳದಲ್ಲಿ ಅದರ ವರ್ಗದ ಹೆಸರನ್ನು ನಿಖರವಾಗಿ ಬರೆಯಲೇಬೇಕಾಗಿರುವುದು. ಹೆಸರನ್ನು ಬರೆದೊಡನೆ ಕುಟುಂಬ ನಿಶ್ಚಿತವಾಗಿಬಿಡುತ್ತದೆ. ಆ ಹೆಸರುಗಳನ್ನೆಲ್ಲ ಒಂದು ಕಡೆ ಕೂಡಿಹಾಕಿ, ಉಳಿದ ಪ್ರೋಗ್ರಾಮಿನ ಕಣ್ಣಿಗೆ ಬೀಳದಂತೆ ಮಾಡುವುದು ಕಾರ್ಖಾನೆಯ ಕೆಲಸ.

ಇಲ್ಲಿ ಇನ್ನೊಂದು ಚಿಂತೆಯೂ ಇತ್ತು: ಕಾರ್ಖಾನೆ ಕೊಟ್ಟ ವಸ್ತುವನ್ನು ಕೊನೆಗೆ ಅಳಿಸುವವರು ಯಾರು? ಬಹುಕಾಲ ಇದನ್ನು ಬಾಯಿಮಾತಿನ ಒಪ್ಪಂದದಿಂದ ತೀರ್ಮಾನಿಸಿಕೊಳ್ಳಬೇಕಾಗಿತ್ತು. 2011ರ ಪರಿಷ್ಕೃತ ಮಾನಕದಲ್ಲಿ ಬಂದ ಯುನೀಕ್ ಪಾಯಿಂಟರ್, ವಸ್ತುವಿನ ಒಡೆತನ ಪಡೆದವರಿಗೇ ಸೇರಿದ್ದೆಂದು ಬರಹದಲ್ಲೇ ಸಾರುತ್ತದೆ.

ಸ್ಮಾಲ್‌ಟಾಕ್ ಭಾಷೆಯ ಮನೋಧರ್ಮ ಇದಕ್ಕೆ ತೀರ ಬೇರೆ. ಅಲ್ಲಿ ವರ್ಗವೂ ಒಂದು ವಸ್ತು. ಅದನ್ನು ಹೆಸರಿನಲ್ಲಿ ಇಟ್ಟುಕೊಳ್ಳಬಹುದು, ಪಟ್ಟಿಗೆ ಸೇರಿಸಬಹುದು, ಇನ್ನೊಬ್ಬರಿಗೆ ಕಳುಹಿಸಬಹುದು. ಆದ್ದರಿಂದ ಕುಟುಂಬಕ್ಕೊಂದು ಪ್ರತ್ಯೇಕ ಕಾರ್ಖಾನೆಯ ವರ್ಗವನ್ನು ಬರೆಯಬೇಕಾದ ಅಗತ್ಯವಿಲ್ಲ. ‘ಕೀಲಿಮಣೆ’ ಎಂಬ ಹೆಸರಿನ ಎದುರು ಒಂದು ವರ್ಗ, ‘ಅಕ್ಷರಾಂಗ’ದ ಎದುರು ಇನ್ನೊಂದು ವರ್ಗ, ಹೀಗೆ ಒಂದು ಪದಕೋಶವನ್ನು ತುಂಬಿಟ್ಟುಕೊಂಡರೆ, ಕೇಳಿದ ಹೆಸರಿನ ವರ್ಗವನ್ನು ಹುಡುಕಿ ‘ಹೊಸದೊಂದನ್ನು ಕೊಡು’ ಎಂಬ ಸಂದೇಶ ಕಳುಹಿಸಿದರೆ ಸಾಕು. ನಾಲ್ವರ ಪುಸ್ತಕವೇ ಈ ದಾರಿಯನ್ನು ತೋರಿಸುತ್ತದೆ.

ಈ ಎಳೆಯನ್ನು ಹಿಡಿದು ಪೀಟರ್ ನಾರ್ವಿಗ್ ಅವರು 1996ರ ಒಂದು ಉಪನ್ಯಾಸದಲ್ಲಿ ಮಹತ್ವದ ಮಾತೊಂದನ್ನು ಮುಂದಿಟ್ಟರು. 23 ಮಾದರಿಗಳಲ್ಲಿ 16 ಮಾದರಿಗಳು ಲಿಸ್ಪ್, ಡಿಲನ್‌ನಂಥ ಭಾಷೆಗಳಲ್ಲಿ ಬಹಳ ಸರಳವಾಗುತ್ತವೆ ಅಥವಾ ಕಾಣದಂತೆಯೇ ಆಗುತ್ತವೆ ಎಂಬುದು ಅವರ ಪ್ರತಿಪಾದನೆ. ಅಮೂರ್ತ ಕಾರ್ಖಾನೆ ಆ ಪಟ್ಟಿಯಲ್ಲಿದೆ. ವರ್ಗವನ್ನೇ ಮೌಲ್ಯದಂತೆ ಕೈಯಿಂದ ಕೈಗೆ ಸಾಗಿಸಬಹುದಾದ ಭಾಷೆಯಲ್ಲಿ ಕಾರ್ಖಾನೆಯ ದೊಡ್ಡ ಚೌಕಟ್ಟು ಬೇಕಾಗುವುದಿಲ್ಲ. ಇದರಿಂದ, ಮಾದರಿಯ ವಿಸ್ತಾರದಲ್ಲಿ ಒಂದು ಪಾಲು ಭಾಷೆಯ ಕೊರತೆಯನ್ನು ತುಂಬುವುದಕ್ಕಾಗಿಯೇ ಇದೆಯೆಂಬುದು ಸ್ಪಷ್ಟವಾಯಿತು.

ಜಾವಾ ಭಾಷೆಯ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಬಂದಾಗ ಅದರ ಪರದೆಯ ವಿಭಾಗದಲ್ಲೇ ಈ ಮಾದರಿಯ ನಿಜರೂಪವಿತ್ತು. ‘ಟೂಲ್‌ಕಿಟ್’ ಎಂಬ ಅಮೂರ್ತ ವರ್ಗ ಗುಂಡಿ, ಪಠ್ಯದ ಚೌಕ, ಪಟ್ಟಿ ಮುಂತಾದವುಗಳ ಸ್ಥಳೀಯ ಅಂಗಗಳನ್ನು ಸೃಷ್ಟಿಸುವ ಕ್ರಿಯೆಗಳನ್ನು ಘೋಷಿಸಿತ್ತು. ವಿಂಡೋಸ್ ಯಂತ್ರದಲ್ಲಿ ಒಂದು ಟೂಲ್‌ಕಿಟ್, ಸೋಲಾರಿಸ್ ಯಂತ್ರದಲ್ಲಿ ಮೋಟಿಫ್ ಆಧಾರಿತ ಇನ್ನೊಂದು ಟೂಲ್‌ಕಿಟ್. ಒಮ್ಮೆ ಬರೆದದ್ದು ಎಲ್ಲೆಡೆಯೂ ನಡೆಯಬೇಕೆಂಬ ಜಾವಾದ ಆಶಯಕ್ಕೆ ಈ ಏರ್ಪಾಡು ಒತ್ತಾಸೆಯಾಗಿತ್ತು. ಮುಂದೆ 2005ರಲ್ಲಿ ಮೈಕ್ರೋಸಾಫ್ಟಿನ ಡಾಟ್‌ನೆಟ್ ಎರಡನೆಯ ಆವೃತ್ತಿಯಲ್ಲಿ ಬಂದ ‘ಡಿಬಿ ಪ್ರೊವೈಡರ್ ಫ್ಯಾಕ್ಟರಿ’ ಇನ್ನೊಂದು ಒಳ್ಳೆಯ ನಿದರ್ಶನ. ದತ್ತಾಂಶ ಕೋಶದ ಸಂಪರ್ಕ, ಆಜ್ಞೆ, ಅದರ ನಿಯತಾಂಕ ಇವೆಲ್ಲ ಒಂದೇ ತಯಾರಕನ ಕೋಶಕ್ಕೆ ಸೇರಿರಬೇಕಾದ್ದರಿಂದ ಅವುಗಳನ್ನು ಒಂದೇ ಕಾರ್ಖಾನೆಯಿಂದ ಪಡೆಯಲಾಗುತ್ತದೆ.

ಪೈಥಾನ್ ಭಾಷೆಯಲ್ಲಿ ಒಂದು ಮಾಡ್ಯೂಲೇ ಕಾರ್ಖಾನೆಯಾಗಬಲ್ಲದು. ಹಳೆಯ ಫಾಂಟಿಗೊಂದು ಮಾಡ್ಯೂಲು, ಯೂನಿಕೋಡಿಗೊಂದು ಮಾಡ್ಯೂಲು ಬರೆದು ಎರಡರಲ್ಲೂ ಒಂದೇ ಹೆಸರಿನ ಮೂರು ವರ್ಗಗಳನ್ನಿಟ್ಟರೆ ಮುಗಿಯಿತು. ಯಾವ ಮಾಡ್ಯೂಲನ್ನು ತರಿಸಿಕೊಂಡಿರೆಂಬುದೇ ಕುಟುಂಬದ ಆಯ್ಕೆ. ಬರಹ ಎಷ್ಟು ಕಿರಿದೋ ಭರವಸೆಯೂ ಅಷ್ಟೇ ಕಿರಿದು. ಒಂದು ಮಾಡ್ಯೂಲಿನಲ್ಲಿ ಜೋಡಿಸುವ ಅಂಗವನ್ನು ಮರೆತಿದ್ದರೆ, ಯಾರೋ ಪದಪಟ್ಟಿಯನ್ನು ಜೋಡಿಸಲು ಹೊರಟ ದಿನವೇ ಅದು ತಿಳಿಯುವುದು. 2019ರಲ್ಲಿ ಬಂದ 3.8ನೆಯ ಆವೃತ್ತಿಯ ‘ಪ್ರೋಟೊಕಾಲ್’ ಸೌಲಭ್ಯದಿಂದ ಇಂಥ ತಪ್ಪನ್ನು ಪರೀಕ್ಷಕ ಸಾಧನಗಳ ಮೂಲಕ ಮೊದಲೇ ಹಿಡಿಯಬಹುದು. ಆದರೆ ಆ ಪರೀಕ್ಷೆ ಕಡ್ಡಾಯವಲ್ಲ.

2009ರಲ್ಲಿ ಬೆಳಕಿಗೆ ಬಂದ ಗೋ ಭಾಷೆಯಲ್ಲಿ ಕರಾರನ್ನು ಪೂರೈಸುತ್ತೇನೆಂದು ಘೋಷಿಸಬೇಕಾಗಿಲ್ಲ; ಬೇಕಾದ ಕ್ರಿಯೆಗಳಿದ್ದರೆ ಕರಾರು ತಾನಾಗಿ ಪೂರೈಕೆಯಾದಂತೆ. ಆದರೆ ಅಲ್ಲಿ ಒಂದು ಬಿಗಿಯಿದೆ. ಕರಾರು ‘ಅಕ್ಷರಾಂಗವನ್ನು ಕೊಡುತ್ತೇನೆ’ ಎಂದಿದ್ದರೆ ಕಾರ್ಖಾನೆಯೂ ಅದೇ ಸಾಮಾನ್ಯ ಹೆಸರಿನಲ್ಲೇ ಕೊಡಬೇಕು. ‘ಯೂನಿಕೋಡ್ ಅಕ್ಷರಾಂಗವನ್ನು ಕೊಡುತ್ತೇನೆ’ ಎಂದು ಹೆಚ್ಚು ನಿಖರವಾಗಿ ಬರೆದರೆ ಕರಾರು ಪೂರೈಕೆಯಾಗುವುದಿಲ್ಲ.

ಇಷ್ಟೆಲ್ಲ ಆದರೂ ಒಂದು ಮೂಲಪ್ರಶ್ನೆ ಉಳಿದಿತ್ತು. ಸಿ ಪ್ಲಸ್ ಪ್ಲಸ್, ಜಾವಾಗಳ ರೂಢಿಯ ರಚನೆಯಲ್ಲಿ ಕಾರ್ಖಾನೆಯಿಂದ ಹೊರಬಂದ ಮೇಲೆ ಎಲ್ಲ ಉತ್ಪನ್ನಗಳೂ ಸಾಮಾನ್ಯ ಹೆಸರನ್ನೇ ಹೊತ್ತಿರುತ್ತವೆ. ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಕಾರ್ಖಾನೆಗಳು ಇದ್ದರೆ, ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿನ ಜೋಡಣೆಗಾರನ ಕೈಗೆ ಕೊಟ್ಟರೂ ಕಂಪೈಲರ್ ಸುಮ್ಮನಿರುತ್ತದೆ. ಎರಿಕ್ ಎರ್ನ್ಸ್ಟ್ ಅವರು 2001ರಲ್ಲಿ ‘ಫ್ಯಾಮಿಲಿ ಪಾಲಿಮಾರ್ಫಿಸಂ’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕುಟುಂಬದ ಅರಿವನ್ನು ಭಾಷೆಯೊಳಕ್ಕೇ ತರುವ ದಾರಿಯನ್ನು ಚರ್ಚಿಸಿದರು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯಲ್ಲಿ ಇದಕ್ಕೆ ಹತ್ತಿರದ ಸೌಲಭ್ಯವೊಂದು ದಿನಬಳಕೆಗೆ ದೊರೆಯುತ್ತದೆ. ಅಲ್ಲಿ ಕಾರ್ಖಾನೆಯ ಕರಾರಿನೊಳಗೇ ‘ನನ್ನ ಪಠ್ಯದ ಬಗೆ ಇದು, ನನ್ನ ಜೋಡಣೆಗಾರ ಈ ಪಠ್ಯಕ್ಕೆ ಮಾತ್ರ ಸಲ್ಲುವವನು’ ಎಂದು ಬರೆದಿಡಬಹುದು. ಬೆರಕೆ ಮಾಡಹೊರಟರೆ ಪ್ರೋಗ್ರಾಂ ಸಿದ್ಧವಾಗುವುದೇ ಇಲ್ಲ. ಇದಕ್ಕೂ ಬೆಲೆಯುಂಟು: ಇಂಥ ಕಾರ್ಖಾನೆಯನ್ನು ಬಳಸುವ ಭಾಗವನ್ನು ಕಂಪೈಲರ್ ಕುಟುಂಬಕ್ಕೊಂದರಂತೆ ಪ್ರತ್ಯೇಕವಾಗಿ ತಯಾರಿಸಬೇಕಾಗುತ್ತದೆ, ಯಾವ ಕುಟುಂಬವೆಂಬ ಕವಲನ್ನು ಆರಂಭದಲ್ಲೇ ಬರೆಯಬೇಕಾಗುತ್ತದೆ.

ಮಾದರಿಯ ಮಿತಿ

ಮತ್ತೆ ಮದುವೆಮನೆಗೆ ಬರೋಣ. ಮೈಸೂರಿನ ಅಡುಗೆಯವರೊಬ್ಬರನ್ನು ಹೊಸದಾಗಿ ಕರೆಸುವುದು ಸುಲಭ. ಪಲ್ಯ, ಚಟ್ನಿ, ಸಿಹಿ ಮಾಡಬಲ್ಲವರಾದರೆ ಸಾಕು, ಬಡಿಸುವವರ ಪದ್ಧತಿ ಬದಲಾಗಬೇಕಾಗಿಲ್ಲ. ಆದರೆ ಎಲೆಗೆ ಹಪ್ಪಳವೂ ಇರಲೆಂದು ಕರಾರಿಗೇ ಸೇರಿಸಿದರೆ ಉಡುಪಿ, ಧಾರವಾಡ, ಮೈಸೂರು ಎಲ್ಲರೂ ಅದನ್ನು ಒದಗಿಸಲೇಬೇಕು. ಅಂತೆಯೇ ಅಮೂರ್ತ ಕಾರ್ಖಾನೆಗೆ ಹೊಸ ಕುಟುಂಬವನ್ನು ಸೇರಿಸುವುದು ಸುಲಭ, ಹೊಸ ಬಗೆಯ ಉತ್ಪನ್ನವನ್ನು ಸೇರಿಸುವುದು ಕಷ್ಟ. ಈ ಮಿತಿಯನ್ನು ನಾಲ್ವರು ಲೇಖಕರೇ ಹೇಳಿದ್ದಾರೆ. ಇದನ್ನು ಅರಿಯದೆ, ಒಂದೇ ಕುಟುಂಬವಿರುವ ಕಡೆಯೂ ಕಾರ್ಖಾನೆಗಳನ್ನು ಕಟ್ಟುತ್ತಾ ಹೋಗುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಸಾಮಾನ್ಯ. ಎರಡನೆಯ ಕುಟುಂಬ ಕಣ್ಣೆದುರು ಬಂದ ಮೇಲೆ ಕಟ್ಟಿದರೂ ತಡವಾಗುವುದಿಲ್ಲವೆಂದು ತರುಣ ಮಿತ್ರರಿಗೆ ಹೇಳಬಯಸುತ್ತೇನೆ.

ಈ ಮಿತಿ ಕನ್ನಡದ ಪಾಲಿಗೆ ಹೇಗೆ ನಿಜವಾಯಿತೆಂಬುದನ್ನು ಗಮನಿಸಿ. ಹಳೆಯ ತಂತ್ರಾಂಶಗಳಿಗೆ ಕೀಲಿಮಣೆ, ಅಕ್ಷರ, ಜೋಡಣೆ ಎಂಬ ಮೂರು ಅಂಗಗಳು ಸಾಕಾಗಿದ್ದವು. ಯೂನಿಕೋಡ್ ಬಳಕೆಗೆ ಬಂದಾಗ ನಾಲ್ಕನೆಯದೊಂದು ಬೇಕಾಯಿತು: ಹಳೆಯ ಕಡತವನ್ನು ಹೊಸ ಸಂಕೇತಕ್ಕೆ ಒಯ್ಯುವ ಪರಿವರ್ತಕ. ಪ್ರತಿಯೊಂದು ಕುಟುಂಬಕ್ಕೂ ಅದರದೇ ಪರಿವರ್ತಕ ಬೇಕು. ಅರ್ಕಾವತ್ತನ್ನು ಹುಡುಕಿ ಹಿಂದಕ್ಕೆ ಸರಿಸಬೇಕು. ತುಂಡುಗಳನ್ನು ಕೂಡಿಸಿ ಅಕ್ಷರ ಮಾಡಬೇಕು. ಬಳಕೆ ಹೆಚ್ಚಾಗಿದ್ದ ನುಡಿ, ಬರಹಗಳಂಥ ತಂತ್ರಾಂಶಗಳ ಕಡತಗಳಿಗೆ ಪರಿವರ್ತಕಗಳು ದೊರೆತವು. ತಯಾರಕರೇ ಅಂಗಡಿ ಮುಚ್ಚಿದ ಕುಟುಂಬಗಳಿಗೆ ನಾಲ್ಕನೆಯ ಅಂಗವನ್ನು ಕಟ್ಟಿಕೊಡುವವರು ಯಾರು? ಅಂಥ ಕಡತಗಳಲ್ಲಿ ಅಕ್ಷರಗಳು ಇನ್ನೂ ಇವೆ, ಓದುವ ಬಗೆ ಮಾತ್ರ ಕಳೆದುಹೋಗಿದೆ.

ಆದುದರಿಂದ ತಮ್ಮಲ್ಲಿ ಒಂದು ಬಿನ್ನಹ. ಹೊರನಾಡಿನ ಕನ್ನಡಿಗರು 1990ರ ದಶಕದಲ್ಲಿ ಗಣಕದಲ್ಲೇ ಅಕ್ಷರ ಜೋಡಿಸಿದ ಕವನ, ನಾಟಕ, ಸಂಚಿಕೆಗಳು ಯಾರ ಮನೆಯ ಫ್ಲಾಪಿಯಲ್ಲಾದರೂ ಉಳಿದಿದ್ದರೆ, ಕಡತದ ಜೊತೆಗೆ ಆ ಫಾಂಟನ್ನೂ ತಂತ್ರಾಂಶದ ಹೆಸರನ್ನೂ ಆವೃತ್ತಿಯನ್ನೂ ತೆಗೆದಿಡಿ. ಅಚ್ಚಾದ ಒಂದು ಪ್ರತಿ ಇದ್ದರೆ ಅದನ್ನೂ ಕಾಪಾಡಿ. ಕಡತದ ಸಂಕೇತಗಳನ್ನು ಅಚ್ಚಿನ ಅಕ್ಷರಗಳೊಡನೆ ಹೋಲಿಸಿ ನೋಡಿದರೆ ಯಾವ ಸಂಖ್ಯೆಗೆ ಯಾವ ತುಂಡು ಎಂಬ ಕೋಷ್ಟಕವನ್ನು ಮತ್ತೆ ಕಟ್ಟಬಹುದು. ಈ ಸಭೆಯಲ್ಲಿರುವ ತರುಣ ತಂತ್ರಜ್ಞರಿಗೆ ಇದು ಒಂದೆರಡು ವಾರಾಂತ್ಯಗಳ ಕೆಲಸ. ಬರೆದವರಲ್ಲಿ ಕೆಲವರು ಇಂದು ನಮ್ಮೊಡನಿಲ್ಲ, ಅವರ ಬರಹವಾದರೂ ಉಳಿದೀತು. ಯಾವ ಭಾಷೆಯಲ್ಲಿ ಪರಿವರ್ತಕವನ್ನು ಬರೆಯುತ್ತೀರೆಂಬುದು ತಮಗೆ ಬಿಟ್ಟದ್ದು. ಕುಟುಂಬಗಳು ಬೆರೆಯದಂತೆ ನೋಡಿಕೊಂಡರೆ ಸಾಕು.